ನೂರೆಂಟು ಕೋನಿನ ಮಾಲೆ: ಸೀರೀಸ್ ಡ್ರೋಗ್ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಡ್ರೋಗ್ ಎಂಬ ಈ ದೋಣಿಯ ಬ್ರೇಕು ಮಿಕ್ಸಿ, ಕುಕ್ಕರಿನ ಹಾಗೆ ದಿನಾ ಬಳಸಿ ಗುಣ ಹೇಳುವ ವಸ್ತು ಅಲ್ಲ. ಮೂರು ವರ್ಷ ಇದನ್ನು ದೋಣಿಯಲ್ಲಿ ಹೊತ್ತು ತಿರುಗಿದ್ದೇನೆ. ನೀರಿಗೆ ಇಳಿಸಿದ್ದು ಎರಡೇ ಸಲ. ಒಂದು ಸಲ ಚೆಸಪೀಕ್ ಕೊಲ್ಲಿಯಲ್ಲಿ, ಒಳ್ಳೆ ಬಿಸಿಲಿನಲ್ಲಿ, ಸುಮ್ನೆ ಅಭ್ಯಾಸಕ್ಕೆ. ಇನ್ನೊಂದು ಸಲ ಅಟ್ಲಾಂಟಿಕ್‌ನ ಬರ್ಮುಡಾ ದ್ವೀಪದ ದಾರಿಯಲ್ಲಿ, ನಿಜಕ್ಕೆ. ಆ ಎರಡನೇ ಸಲ 19 ಗಂಟೆ ಇದಕ್ಕೆ ಕಟ್ಟಿಸಿಕೊಂಡು ಕೂತಿದ್ದೆ. ಮಧ್ಯದಲ್ಲಿ ಎರಡು ಗಂಟೆ ಸಿಡಿಲೂ ಇತ್ತು. ಅಷ್ಟು ಅನುಭವದ ಮೇಲೆ ಬರೆಯುತ್ತಿದ್ದೇನೆ.

ನಾನು ಗಂಗೊಳ್ಳಿ ಕಡೆಯವನು. ಕೆಲಸ ವರ್ಜೀನಿಯಾದಲ್ಲಿ, ದೋಣಿ ಹ್ಯಾಂಪ್ಟನ್‌ನಲ್ಲಿ. 1978ರ ಹಳೆಯ ಹಾಯಿದೋಣಿ, 32 ಅಡಿ, ಸಾಮಾನು ತುಂಬಿದರೆ ಐದೂವರೆ ಟನ್ ತೂಗುತ್ತದೆ. ಒಬ್ಬನೇ ಹೋಗುತ್ತೇನೆ. ನನ್ನ ಸೋದರಮಾವ ಮೂವತ್ತು ವರ್ಷ ಟ್ರಾಲ್ ಬೋಟಿನಲ್ಲಿದ್ದವರು. ಅವರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. “ಒಬ್ನೇ ಹೋಪುದಾ? ಮೀನಿಗೂ ಅಲ್ದೆ?” ಎಂದು ಫೋನಿನಲ್ಲಿ ಕೇಳುತ್ತಾರೆ. ಉತ್ತರ ನನ್ನ ಹತ್ತಿರ ಇಲ್ಲ.

ಡ್ರೋಗ್ ಅಂದರೆ ದೋಣಿಯ ಹಿಂಬದಿಗೆ ಕಟ್ಟಿ ನೀರಿನಲ್ಲಿ ಎಳೆದುಕೊಂಡು ಹೋಗುವ ಬ್ರೇಕು. ಲಂಗರು ನೆಲ ಹಿಡಿಯುತ್ತದೆ, ಇದು ನೀರನ್ನೇ ಹಿಡಿಯುತ್ತದೆ. ಆಳ ಸಮುದ್ರದಲ್ಲಿ ಲಂಗರಿಗೆ ನೆಲ ಎಲ್ಲಿ ಸಿಗುತ್ತದೆ? ಹಳೆಯ ತರಹದ್ದರಲ್ಲಿ ಒಂದೇ ದೊಡ್ಡ ಬುಟ್ಟಿ ಅಥವಾ ಪ್ಯಾರಾಚೂಟು ಇರುತ್ತದೆ. ಸೀರೀಸ್ ಡ್ರೋಗಿನಲ್ಲಿ ಉದ್ದ ಹಗ್ಗಕ್ಕೆ ಸಾಲಾಗಿ ಸಣ್ಣ ಸಣ್ಣ ಬಟ್ಟೆಯ ಕೋನುಗಳು. ಕಡಲೆಕಾಯಿ ಪೊಟ್ಟಣದ ತಳ ಕತ್ತರಿಸಿದರೆ ಹೇಗಿರುತ್ತದೆ, ಹಾಗೆ. ಒಂದೊಂದರ ಬಾಯಿ ಐದು ಇಂಚು. ಇಪ್ಪತ್ತು ಇಂಚಿಗೊಂದರಂತೆ ನೂರಕ್ಕಿಂತ ಜಾಸ್ತಿ. ಕೊನೆಯಲ್ಲಿ ಭಾರಕ್ಕೆ ಒಂದು ತುಂಡು ಸರಪಳಿ.

ಇದನ್ನು ಯೋಚಿಸಿದವರು ಡೊನಾಲ್ಡ್ ಜೋರ್ಡನ್ ಎಂಬ ಅಮೆರಿಕದ ವಿಮಾನ ಎಂಜಿನಿಯರ್. 1979ರ ಫಾಸ್ಟ್‌ನೆಟ್ ಎಂಬ ಇಂಗ್ಲೆಂಡಿನ ಹಾಯಿದೋಣಿ ರೇಸಿನಲ್ಲಿ 303 ದೋಣಿಗಳು ಹೊರಟು, ಬಿರುಗಾಳಿಗೆ ಸಿಕ್ಕಿ, 15 ನಾವಿಕರು ಸತ್ತರು. ಅದರ ನಂತರ ಅವರು ಈ ಕೆಲಸಕ್ಕೆ ಕೈ ಹಾಕಿದರು. ಅಮೆರಿಕದ ಕೋಸ್ಟ್ ಗಾರ್ಡ್ ಜೊತೆ ಪರೀಕ್ಷೆಗಳಾಗಿ 1987ರಲ್ಲಿ ವರದಿ ಬಂತು. ಅವರು ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಹಾಗಾಗಿ ಯಾರು ಬೇಕಾದರೂ ಹೊಲಿದುಕೊಳ್ಳಬಹುದು. ನಾನೂ ಹೊಲಿದೆ.

ಅಲ್ಲ, ನಾನು ಹೊಲಿದೆ ಅನ್ನುವುದು ಪೂರ್ತಿ ನಿಜವಲ್ಲ. ಆ ಚಳಿಗಾಲ ಅಮ್ಮ ನಮ್ಮ ಮನೆಗೆ ಬಂದಿದ್ದರು. ಹೊರಗೆ ಹಿಮ, ಒಳಗೆ ಟಿವಿ, ಕೈಗೆ ಕೆಲಸ ಇಲ್ಲ. ಕಿಟ್ಟಿನ ಪೆಟ್ಟಿಗೆ ಬಿಚ್ಚಿ ಬಟ್ಟೆ ತುಂಡುಗಳನ್ನು ಹರಡಿದ್ದೇ ತಡ, ಹತ್ತಿರ ಬಂದು ಕೂತರು. “ಇದೆಂತ ಮಾರಾಯ, ದೋಣಿಗೆ ಹೂ ಮುಡ್ಸೂಕಾ?” ಎಂದರು. ನಾನು ಮಷೀನಿನಲ್ಲಿ ಕೋನ್ ಹೊಲಿದು ಕೊಟ್ಟೆ. ಅಮ್ಮ ಕೋನಿನ ಪಟ್ಟಿಗಳನ್ನು ಹಗ್ಗದ ಹೆಣಿಗೆಯ ಒಳಗಿಂದ ತೂರಿಸಿ ಗಂಟು ಹಾಕಿದರು. ಬಾಳೆನಾರಿನಲ್ಲಿ ಅಟ್ಟೆಗಟ್ಟಲೆ ಮಲ್ಲಿಗೆ ಕಟ್ಟಿದ ಕೈ ಅದು. ನಾನು ಒಂದು ಗಂಟು ಹಾಕುವಷ್ಟರಲ್ಲಿ ಅವರದ್ದು ಮೂರು ಆಗುತ್ತಿತ್ತು. ನನ್ನ ದೋಣಿಯ ತೂಕಕ್ಕೆ ನೂರರ ಮೇಲೆ ಮೂರೋ ನಾಲ್ಕೋ ಕೋನ್ ಸಾಕು ಎಂದು ಪಟ್ಟಿಯಲ್ಲಿತ್ತು. ಅಮ್ಮ ಒಪ್ಪಲಿಲ್ಲ. ನೂರೆಂಟು ಆಗಲಿ, ಅಷ್ಟೋತ್ತರ ಅಂದರು. ಬಟ್ಟೆ ಉಳಿದಿತ್ತು, ನಾನೂ ವಾದ ಮಾಡಲಿಲ್ಲ.

ಕಿಟ್ ಮಾರಿದ ಅಂಗಡಿಯ ಬಗ್ಗೆ ಎರಡು ಮಾತು. ಎಣಿಕೆಯಲ್ಲಿ ಆರು ಕೋನಿನ ಬಟ್ಟೆ ಕಡಿಮೆ ಇತ್ತು. ಮೇಲ್ ಬರೆದ ಮೇಲೆ ಹನ್ನೆರಡು ದಿನಕ್ಕೆ ಕಳಿಸಿದರು. ಕೊಟ್ಟ ಬಟ್ಟೆ ತೆಳು ನೈಲಾನ್. ಆಗ ಅದು ಸರಿಯೇ ಅನ್ನಿಸಿತ್ತು, ಈಗ ಅನ್ನಿಸುವುದಿಲ್ಲ. ಹಗ್ಗ, ಸರಪಳಿ, ಬಟ್ಟೆ, ಸ್ಟೀಲ್ ಫಲಕ ಎಲ್ಲ ಸೇರಿ ನನಗೆ ಬಿದ್ದದ್ದು ಸುಮಾರು 1,100 ಡಾಲರ್.

ಸ್ಟೀಲ್ ಫಲಕ ಯಾಕೆಂದರೆ, ಈ ಮಾಲೆ ಎಳೆಯುವಾಗ ಟನ್ನುಗಟ್ಟಲೆ ಭಾರ ದೋಣಿಯ ಹಿಂದಿನ ಎರಡು ಮೂಲೆಗೆ ಬೀಳುತ್ತದೆ. ಮಾಮೂಲಿ ಹಗ್ಗ ಸುತ್ತುವ ಕ್ಲೀಟುಗಳು ಕಿತ್ತು ಬರುತ್ತವೆ. ಎರಡೂ ಬದಿಗೆ ಉದ್ದ ಫಲಕ ಕೂರಿಸಿ, ಒಳಗಿನಿಂದ ಬೋಲ್ಟ್ ಹಾಕಿ, ಅಲ್ಲಿಂದ Y ಆಕಾರದಲ್ಲಿ ಎರಡು ಹಗ್ಗ ತಂದು ಮುಖ್ಯ ಹಗ್ಗಕ್ಕೆ ಜೋಡಿಸಬೇಕು. ಕಿಟ್ ತಂದು ಕ್ಲೀಟಿಗೆ ಕಟ್ಟಿ ಆಯ್ತು ಅಂದುಕೊಂಡವರು ದಯವಿಟ್ಟು ಇನ್ನೊಮ್ಮೆ ಯೋಚಿಸಿ. ಹಗ್ಗವೂ ಅಷ್ಟೇ. 2018ರ ಗೋಲ್ಡನ್ ಗ್ಲೋಬ್ ಅಂದರೆ ಒಬ್ಬೊಬ್ಬರೇ ಭೂಮಿ ಸುತ್ತುವ ಹಾಯಿದೋಣಿ ರೇಸು. ಅದರಲ್ಲಿ ಬ್ರಿಟನ್ನಿನ ಸೂಸಿ ಗುಡಾಲ್ ದಕ್ಷಿಣ ಪೆಸಿಫಿಕ್‌ನಲ್ಲಿ ಡ್ರೋಗ್ ಬಿಟ್ಟುಕೊಂಡೇ ಹೋಗುತ್ತಿದ್ದರು. ಹಗ್ಗ ತುಂಡಾಯಿತು, ದೋಣಿ ಮೂತಿ ಅಡಿಯಾಗಿ ಮಗುಚಿತು, ಹಾಯಿಕಂಬ ಹೋಯಿತು. ಅದೇ ರೇಸಿನಲ್ಲಿ ಸೆಪ್ಟೆಂಬರಿನಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಹಿಂದೂ ಮಹಾಸಾಗರದಲ್ಲಿ ಬೆನ್ನು ಮುರಿದುಕೊಂಡು ಮಲಗಿದ್ದರು. ಅಮ್ಮನಿಗೆ ಆ ಸುದ್ದಿ ಗೊತ್ತಿತ್ತು. ಕೋನ್ ಕಟ್ಟುವಾಗ ಅವರು ಎರಡೆರಡು ಸಲ ಗಂಟು ಎಳೆದು ನೋಡುತ್ತಿದ್ದದ್ದು ಅದಕ್ಕೇ ಇರಬೇಕು.

ಈಗ ಆ ರಾತ್ರಿಗೆ ಬರೋಣ.

ಹ್ಯಾಂಪ್ಟನ್‌ನಿಂದ ಬರ್ಮುಡಾಕ್ಕೆ ಸುಮಾರು 650 ನಾಟಿಕಲ್ ಮೈಲು, ಅಂದರೆ 1,200 ಕಿಲೋಮೀಟರ್. ನನ್ನ ದೋಣಿಗೆ ಆರು ದಿನದ ದಾರಿ. ಮಧ್ಯದಲ್ಲಿ ಗಲ್ಫ್ ಸ್ಟ್ರೀಮ್ ದಾಟಬೇಕು. ಸಮುದ್ರದ ಒಳಗೇ ಹರಿಯುವ ಬೆಚ್ಚಗಿನ ಹೊಳೆ ಅದು. ಮೂರು ನಾಲ್ಕು ನಾಟ್ ವೇಗದಲ್ಲಿ ಈಶಾನ್ಯಕ್ಕೆ ಓಡುತ್ತದೆ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು. ಅದರ ಮೇಲೆ ಮೋಡ ಕಟ್ಟುವುದೂ ಜಾಸ್ತಿ, ಎದುರು ಗಾಳಿ ಬೀಸಿದರೆ ಅಲೆ ಗೋಡೆಯ ಹಾಗೆ ನಿಲ್ಲುವುದೂ ಜಾಸ್ತಿ. ಮೇ ಕೊನೆಯ ವಾರ. ಅದನ್ನು ದಾಟಿ ನಿಟ್ಟುಸಿರು ಬಿಟ್ಟದ್ದು ಮೂರನೇ ದಿನ ಬೆಳಿಗ್ಗೆ. ಮಧ್ಯಾಹ್ನ ಸ್ಯಾಟಲೈಟ್ ಮೆಸೆಂಜರಿನಲ್ಲಿ ಹವಾಮಾನ ಬಂತು. ಮರುದಿನ ಬರಬೇಕಿದ್ದ ಶೀತ ಗಾಳಿಯ ಮುಂಚೂಣಿ ಆ ರಾತ್ರಿಯೇ ಬರುತ್ತದೆ ಎಂದಿತ್ತು.

ಸಂಜೆ ನಾಲ್ಕಕ್ಕೆ ನೈಋತ್ಯ ಗಾಳಿ 35 ನಾಟ್. ಕರವಸ್ತ್ರದಷ್ಟು ಹಾಯಿ ಬಿಟ್ಟು ಗಾಳಿ ಬೆನ್ನಿಗೆ ಹಾಕಿ ಓಡುತ್ತಿದ್ದೆ. ಚುಕ್ಕಾಣಿ ಹಿಡಿದದ್ದು ಗಾಳಿಯಿಂದಲೇ ನಡೆಯುವ ಯಂತ್ರ, ವಿಂಡ್‌ವೇನ್. ಅಲೆಯ ಇಳಿಜಾರಿನಲ್ಲಿ ದೋಣಿ ಒಂಬತ್ತು ನಾಟ್‌ವರೆಗೆ ಜಾರುತ್ತಿತ್ತು. ಎರಡು ಸಲ ಯಂತ್ರ ಸೋತಿತು. ಎರಡನೇ ಸಲ ದೋಣಿ ಅಡ್ಡ ತಿರುಗಿತು. ಕ್ಯಾಬಿನ್ನಿನ ಕಿಟಕಿಯಲ್ಲಿ ಆಕಾಶದ ಬದಲು ಹಸಿರು ನೀರು ಕಂಡಿತು. ಒಡೆದು ಬೀಳುವ ಅಲೆ ಉರುಳಿಸುವುದು ಅಡ್ಡ ಸಿಕ್ಕ ದೋಣಿಯನ್ನೇ. ಜೊತೆಗೆ ಇನ್ನೊಬ್ಬರಿದ್ದರೆ ಸರದಿ ಮೇಲೆ ಕೈಯಲ್ಲಿ ಚುಕ್ಕಾಣಿ ಹಿಡಿಯಬಹುದು. ನಾನೊಬ್ಬನೇ, ಹಿಂದಿನ ರಾತ್ರಿ ಇಪ್ಪತ್ತಿಪ್ಪತ್ತು ನಿಮಿಷದ ಅಲಾರಾಂ ಇಟ್ಟುಕೊಂಡು ಮಲಗಿದವನು. ಐದೂವರೆಗೆ ಚೀಲ ಬಿಚ್ಚಿದೆ.

ಇಳಿಸುವುದು ಸುಲಭ. ಇದಕ್ಕೆ ಪೂರ್ತಿ ಅಂಕ. ಮೊದಲು ಎರಡು ಮೂಲೆಯ ಹಗ್ಗ ಫಲಕಕ್ಕೆ ಸಿಕ್ಕಿಸಿ, ಆಮೇಲೆ ಸರಪಳಿಯ ತುದಿಯನ್ನು ಹಿಂದಿನಿಂದ ನೀರಿಗೆ ಬಿಟ್ಟರೆ ಆಯಿತು. ಚೀಲದೊಳಗೆ ಸುರುಳಿ ಸರಿಯಾಗಿದ್ದರೆ ಉಳಿದದ್ದು ತಾನೇ ಹೋಗುತ್ತದೆ. ಸುಮಾರು 90 ಮೀಟರ್ ಹೋಗಲು ಮೂರು ನಿಮಿಷ ಸಾಕು. ಕೈಕಾಲು ಮಾತ್ರ ದೂರ ಇಡಬೇಕು, ಹಗ್ಗ ಹೋಗುವ ರಭಸಕ್ಕೆ ಬೆರಳು ಸಿಕ್ಕಿದರೆ ಬೆರಳು ಇರುವುದಿಲ್ಲ. ಬಿಸಿಲಿನಲ್ಲಿ ಮಾಡಿದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು. ವಿಂಡ್‌ವೇನಿನ ನೀರಿನೊಳಗಿನ ಹಲಗೆಯನ್ನು ಮೊದಲೇ ಎತ್ತಿ ಕಟ್ಟಿದ್ದೆ.

ಆಮೇಲೆ ಏನಾಯಿತು ಎಂದು ಹೇಳಲು ನನಗೆ ಸರಿಯಾದ ಮಾತು ಸಿಗುತ್ತಿಲ್ಲ. ಬ್ರೇಕ್ ಹಾಕಿದಂತೆ ಆಗಲಿಲ್ಲ. ಯಾರೋ ಹಿಂದಿನಿಂದ ಲುಂಗಿ ಹಿಡಿದು ಮೆಲ್ಲಗೆ ಎಳೆದ ಹಾಗಾಯಿತು. ಎಂಟು ನಾಟ್ ಇದ್ದದ್ದು ಎರಡಕ್ಕಿಂತ ಕೆಳಗೆ ಬಂತು. ಅಲೆ ಹಿಂದಿನಿಂದ ಬಂದು ದೋಣಿಯನ್ನು ಎತ್ತುತ್ತದೆ, ದೋಣಿ ಜಾರಲು ಹೊರಡುತ್ತದೆ, ಹಗ್ಗ ಹಿಗ್ಗುತ್ತದೆ, ಒಂದಾದ ಮೇಲೊಂದು ಕೋನ್ ನೀರು ಹಿಡಿಯುತ್ತದೆ, ದೋಣಿ ನಿಲ್ಲುತ್ತದೆ, ಅಲೆ ಕೆಳಗಿನಿಂದ ಹೋಗುತ್ತದೆ. ಒಂದೇ ದೊಡ್ಡ ಪ್ಯಾರಾಚೂಟ್ ಆಗಿದ್ದರೆ ಅಲೆ ಅದನ್ನೇ ಎತ್ತಿ ಬಿಸಾಡಬಹುದು. ಇಲ್ಲಿ ಹತ್ತು ಕೋನ್ ನೊರೆಯಲ್ಲಿ ಸಿಕ್ಕಿ ಕೆಲಸ ಬಿಟ್ಟರೂ ಉಳಿದ ತೊಂಬತ್ತೆಂಟು ಕೆಳಗೆ ತಣ್ಣಗೆ ಹಿಡಿದಿರುತ್ತವೆ.

ಒಂದು ತಕರಾರು ಇದೆ. ದೋಣಿಯ ಹಿಂಬದಿ ಅಲೆಗೆ ಒಡ್ಡಿರುವುದರಿಂದ ನೀರು ಕಾಕ್‌ಪಿಟ್‌ಗೆ ಸುರಿಯುತ್ತದೆ. ನಾವು ಕೂರುವ ಆ ಗುಂಡಿ ಎರಡು ಸಲ ತುಂಬಿತು. ಬಾಗಿಲ ಹಲಗೆಗಳು ಗಟ್ಟಿ ಇಲ್ಲದ ದೋಣಿಗೆ ಇದು ಆಗುವುದಿಲ್ಲ. ನಾನು ಪ್ಲೈವುಡ್ ಹಲಗೆ ತೆಗೆದು ದಪ್ಪ ಅಕ್ರಿಲಿಕ್ ಹಾಕಿಸಿದ್ದೆ. ಆರೂವರೆಗೆ ಒಳಗೆ ಬಂದು, ಬಾಗಿಲು ಹಾಕಿ, ಅವಲಕ್ಕಿ ಮೊಸರು ತಿಂದು ಮಲಗಿದೆ. ಎರಡು ಗಂಟೆ ನಿದ್ದೆ. ಹೊರಗೆ 40 ನಾಟ್ ಗಾಳಿ, ನಾಲ್ಕೈದು ಮೀಟರ್ ಅಲೆ. ಒಬ್ಬನೇ ಇರುವವನಿಗೆ ಆ ನಿದ್ದೆಯ ಬೆಲೆ ಎಷ್ಟು ಅಂತ ಕೇಳಿದರೆ, 1,100 ಡಾಲರ್ ಅಗ್ಗ.

ಮಿಂಚು ಶುರುವಾದದ್ದು 11:40ಕ್ಕೆ.

ಇಲ್ಲಿಂದ ಮುಂದಿನದ್ದು ಯಾವ ಮಾಹಿತಿ ಪುಸ್ತಿಕೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಚಿಕ್ಕವನಿದ್ದಾಗ ಗುಡುಗಿದರೆ ಅರ್ಜುನನ ಹತ್ತು ಹೆಸರು ಹೇಳು ಎನ್ನುತ್ತಿದ್ದರು. ಈಗಲೂ ಹೇಳುತ್ತೇನೆ, ಆದರೆ ಲೆಕ್ಕಕ್ಕೆ. ಅರ್ಜುನ, ಫಲ್ಗುಣ, ಪಾರ್ಥ ಎಂದು ಶುರು ಮಾಡಿ ಧನಂಜಯ ಮುಟ್ಟಲು ನನಗೆ ಆರು ಸೆಕೆಂಡು ಬೇಕು. ಶಬ್ದ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಬರುತ್ತದೆ. ಮಿಂಚು ಕಂಡ ಮೇಲೆ ಹತ್ತೂ ಹೆಸರು ಮುಗಿದು ಗುಡುಗಿದರೆ ಸಿಡಿಲು ಎರಡು ಕಿಲೋಮೀಟರ್ ದೂರ. ಮೊದಲು ಎರಡು ಸುತ್ತು ಆಗುತ್ತಿತ್ತು. ಆಮೇಲೆ ಒಂದು. ಹನ್ನೆರಡೂವರೆ ಹೊತ್ತಿಗೆ ನಾಲ್ಕನೇ ಹೆಸರು ಕಿರೀಟಿಗೇ ಗುಡುಗು ಬಂತು.

ಸಮುದ್ರದ ಮಧ್ಯೆ ಸುತ್ತ ನೂರು ಮೈಲಿಗೆ ಎತ್ತರದ್ದು ಅಂದರೆ ನನ್ನ ಹಾಯಿಕಂಬ. ಅಮೆರಿಕದ ಒಂದು ದೋಣಿ ವಿಮಾ ಕಂಪನಿಯ ಲೆಕ್ಕದಲ್ಲಿ ಒಂದೊಡಲಿನ ಹಾಯಿದೋಣಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು ನಾಲ್ಕಕ್ಕೆ ಸಿಡಿಲು ಹೊಡೆಯುತ್ತದೆ. ದಡದಲ್ಲಿ ಓದುವಾಗ ಅದು ಸಣ್ಣ ಸಂಖ್ಯೆ. ಸಿಡಿಲು ಕಂಬದಿಂದ ನೀರಿಗೆ ದಾರಿ ಹುಡುಕುತ್ತದೆ. ದಾರಿ ಕೊಡದಿದ್ದರೆ ಅಡ್ಡ ಹಾರಿ, ದೋಣಿಯ ತಳದ ಕವಾಟಗಳನ್ನು ಒಡೆದುಕೊಂಡು ಹೋಗುತ್ತದೆ. ನಾನು ಕಂಬದ ಬುಡದಿಂದ ದಪ್ಪ ತಾಮ್ರದ ತಂತಿ ಎಳೆದು, ನೀರಿನಡಿಯ ಒಂದು ಚದರ ಅಡಿ ತಾಮ್ರದ ಫಲಕಕ್ಕೆ ಸೇರಿಸಿದ್ದೇನೆ. ಇದರಿಂದ ಸಿಡಿಲು ಬಾರದೆ ಇರುವುದಿಲ್ಲ, ಬಂದರೆ ಹೋಗಲು ದಾರಿ ಇರುತ್ತದೆ ಅಷ್ಟೇ. ಕಂಬದ ತುದಿಗೆ ಬಾಟಲಿ ತೊಳೆಯುವ ಬ್ರಷ್ಷಿನಂಥದ್ದನ್ನು ಹಾಕಿದರೆ ಸಿಡಿಲೇ ಬರುವುದಿಲ್ಲ ಎಂದು ಮಾರುತ್ತಾರೆ. ನಾನು ಕೊಂಡಿಲ್ಲ, ಕೊಳ್ಳುವುದೂ ಇಲ್ಲ.

ಕೈಯಲ್ಲಿ ಹಿಡಿಯುವ ರೇಡಿಯೊ, ಜಿಪಿಎಸ್, ಫೋನು, ಸ್ಯಾಟಲೈಟ್ ಮೆಸೆಂಜರ್ ನಾಲ್ಕನ್ನೂ ಒಲೆಯ ಓವನ್ನಿನೊಳಗೆ ಇಟ್ಟು ಬಾಗಿಲು ಹಾಕಿದೆ. ಸುತ್ತ ಲೋಹದ ಡಬ್ಬಿ ಇದ್ದರೆ ಒಳಗಿನದ್ದು ಉಳಿಯುವ ಸಂಭವ ಹೆಚ್ಚು. ಒಲೆಯ ಗುಬುಟಿಗೆ “ಒಳಗೆ ಫೋನಿದೆ” ಎಂದು ಬರೆದು ಅಂಟಿಸಿದೆ. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಗ್ಯಾಸ್ ಹಚ್ಚುವವನೂ ನಾನೇ ಅಲ್ವಾ? ಮೆಸೆಂಜರ್ ಒಳಗೆ ಹೋದರೆ ಮನೆಯಲ್ಲಿ ನಕ್ಷೆಯ ಮೇಲಿನ ಚುಕ್ಕೆ ನಿಲ್ಲುತ್ತದೆ. ಹೆಂಡತಿಗೆ ಇದನ್ನು ಮೊದಲೇ ಹೇಳಿದ್ದೆ. ಆದರೂ ಆ ಎರಡು ಗಂಟೆ ಅವಳು ಮಲಗಲಿಲ್ಲವಂತೆ.

ಈಗ ಡ್ರೋಗಿನ ವಿಷಯ. ಹಗ್ಗ ಎಲ್ಲಿ ಉಜ್ಜುತ್ತಿದೆ ಎಂದು ಗಂಟೆಗೊಮ್ಮೆ ಹೋಗಿ ನೋಡಬೇಕು. ಅದು ಇರುವುದು ದೋಣಿಯ ಹಿಂತುದಿಯಲ್ಲಿ, ಸ್ಟೀಲ್ ಕಂಬಿಗಳ ನಡುವೆ. ಹಿಡಿಯಲು ಬೇರೇನೂ ಇಲ್ಲ. ಕತ್ತಲಲ್ಲಿ, ಆ ಕುಣಿತದಲ್ಲಿ, ಕಂಬಿ ಹಿಡಿಯದೆ ಅಲ್ಲಿಗೆ ಹೋಗಲು ಆಗುವುದಿಲ್ಲ. ಸಿಡಿಲಿನ ಮೊದಲ ಪಾಠವೋ, ಲೋಹ ಮುಟ್ಟಬೇಡ, ಎರಡು ಲೋಹದ ನಡುವೆ ಸೇತುವೆ ಆಗಬೇಡ. ಹಗ್ಗ ನೋಡಲು ಹೋದರೆ ಸಿಡಿಲು, ಹೋಗದಿದ್ದರೆ ಹಗ್ಗ. ಇಬ್ಬರಿದ್ದರೆ ಜಗಳವಾಡಿಯಾದರೂ ಒಂದು ತೀರ್ಮಾನಕ್ಕೆ ಬರುತ್ತಿದ್ದೆವೇನೋ. ನಾನು ಕ್ಯಾಬಿನ್ನಿನ ಮಧ್ಯೆ, ಕಂಬದಿಂದ ದೂರ, ಮರದ ಬೆಂಚಿನ ಮೇಲೆ ಕೈ ಮಡಚಿ ಕೂತೆ. ಎರಡು ಗಂಟೆ ಹಗ್ಗ ನೋಡಲಿಲ್ಲ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ಯೋಚನೆಯೂ ಕಾಡಿತು. ಡ್ರೋಗ್ ಇಲ್ಲದಿದ್ದರೆ ಓಡಿ ತಪ್ಪಿಸಿಕೊಳ್ಳುತ್ತಿದ್ದೆನಾ? ಬೆಳಗಾದ ಮೇಲೆ ಲೆಕ್ಕ ಹಾಕಿದೆ. ಆ ಮೋಡದ ಸಾಲು 25 ನಾಟ್ ಮೇಲೆ ಬರುತ್ತಿತ್ತು. ನನ್ನ ಓಟ ಆರು. ಕಟ್ಟಿಹಾಕಿಸಿಕೊಂಡು ಕೂತಿದ್ದೇನೆ ಅನ್ನಿಸಿದ್ದು ಬರೀ ಮನಸ್ಸಿಗೆ. ಆದರೆ ರಾತ್ರಿ ಒಂದು ಗಂಟೆಗೆ ಲೆಕ್ಕ ತಲೆಗೆ ಹತ್ತುವುದಿಲ್ಲ.

ಸುಮಾರು ಒಂದಕ್ಕೆ ಗಾಳಿ ಒಮ್ಮೆಲೇ ವಾಯವ್ಯಕ್ಕೆ ತಿರುಗಿತು. ಒಳಗಿನ ಪರದೆಯಲ್ಲಿ 52 ನಾಟ್ ಕಂಡೆ. ಆಗಲೇ ಬೆಳಕು ಮತ್ತು ಸದ್ದು ಒಟ್ಟಿಗೆ ಬಂದವು. ಹೆಸರು ಹೇಳಲು ಅರ್ಜುನನಿಗೂ ಸಮಯ ಸಿಗಲಿಲ್ಲ. ಪರದೆ ಸತ್ತಿತು. ಸುಟ್ಟ ವೈರಿನ ವಾಸನೆ ಬಂತು. ತಳದ ಕವಾಟಗಳನ್ನೆಲ್ಲ ಟಾರ್ಚ್ ಹಾಕಿ ನೋಡಿದೆ, ಎಲ್ಲೂ ನೀರಿಲ್ಲ. ನೇರ ಹೊಡೆತ ಆಗಿರಲಿಕ್ಕಿಲ್ಲ. ಪಕ್ಕದ ನೀರಿಗೆ ಬಿದ್ದದ್ದಿರಬೇಕು. ಗಾಳಿಯಳತೆ, ಗೋಡೆಯ ರೇಡಿಯೊ, ಹಡಗುಗಳನ್ನು ತೋರಿಸುವ ಎಐಎಸ್, ಮೂರೂ ಹೋಗಿದ್ದವು. ಆಂಟೆನಾ ವೈರ್ ಕಳಚಿಡಲು ಮರೆತಿದ್ದೆ. ಅದು ನನ್ನ ತಪ್ಪು. ಓವನ್ನಿನೊಳಗಿನ ನಾಲ್ಕೂ ಸರಿಯಿದ್ದವು.

ಗಾಳಿ ತಿರುಗಿದ ಮೇಲೆ ಹಳೆಯ ಅಲೆ ಒಂದು ಕಡೆಯಿಂದ, ಹೊಸ ಅಲೆ ಇನ್ನೊಂದು ಕಡೆಯಿಂದ. ನಾನು ಹೆದರಿದ್ದೇ ಇದಕ್ಕೆ. ಆದರೆ ದೋಣಿ ಹಗ್ಗದ ತುದಿಯಲ್ಲಿ ಕಟ್ಟಿದ ದನದ ಹಾಗೆ ಮೆಲ್ಲಗೆ ಸುತ್ತಿ ಹೊಸ ಗಾಳಿಗೆ ಬೆನ್ನು ಕೊಟ್ಟಿತು. ಒಂದು ಅಲೆ ಮಾತ್ರ ಪಕ್ಕಕ್ಕೆ ಹೊಡೆದು ಮಸಾಲೆ ಡಬ್ಬಿ ಉರುಳಿಸಿತು. ಜೀರಿಗೆ ಸಾಸಿವೆ ಈಗಲೂ ಬೆಂಚಿನ ಸಂದಿನಲ್ಲಿ ಸಿಗುತ್ತದೆ. ಎರಡು ಗಂಟೆಗೆ ಗುಡುಗು ದೂರವಾದ ಮೇಲೆ ಹೊರಗೆ ಹೋದೆ. ಎಡ ಮೂಲೆಯ ಹಗ್ಗ ವಿಂಡ್‌ವೇನಿನ ಚೌಕಟ್ಟಿಗೆ ಉಜ್ಜಿ, ಸುತ್ತಿದ್ದ ಚರ್ಮ ಪೂರ್ತಿ ಸವೆದು, ಹಗ್ಗದ ಹೊರಪದರ ಬಿಚ್ಚಿಕೊಳ್ಳುತ್ತಿತ್ತು. ಇನ್ನೊಂದೆರಡು ಗಂಟೆ ತಡವಾಗಿದ್ದರೆ ಈ ವಿಮರ್ಶೆಯ ಧಾಟಿ ಬೇರೆ ಇರುತ್ತಿತ್ತು. ಹಳೆಯ ಫೈರ್ ಹೋಸಿನ ತುಂಡು ಸುತ್ತಿ ಕಟ್ಟಿದೆ. ಖರೀದಿಸುವವರು ಕೇಳಿ: ಹಿಂಬದಿಯಲ್ಲಿ ವಿಂಡ್‌ವೇನ್ ಇದ್ದರೆ ಗಾಳಿ ಬದಿ ಬದಲಾದಾಗ ಹಗ್ಗ ಎಲ್ಲಿ ತಾಗುತ್ತದೆ ಎಂದು ದಡದಲ್ಲೇ ಎಳೆದು ನೋಡಿ.

ಮರುದಿನ ಹನ್ನೆರಡೂವರೆಗೆ ಗಾಳಿ 25ಕ್ಕೆ ಇಳಿಯಿತು ಅನ್ನಿಸಿತು, ಅಳತೆ ಇರಲಿಲ್ಲವಲ್ಲ. ಮೇಲೆತ್ತಲು ಶುರು ಮಾಡಿದೆ. ಇಲ್ಲಿ ಅಂಕ ಕಳೆಯುತ್ತೇನೆ. ಮೊದಲಿಗೆ ಒಂದು ಸಹಾಯದ ಹಗ್ಗ ಕಟ್ಟಿ, ಹಗ್ಗ ಸುತ್ತಿ ಎಳೆಯುವ ಉರುಳೆಯಿಂದ, ಅಂದರೆ ವಿಂಚಿನಿಂದ ಎಳೆಯಬಹುದು. ಕೋನ್ ಬಂದ ಮೇಲೆ ಕಷ್ಟ. ವಿಂಚಿನ ಹಲ್ಲು ಕೋನನ್ನು ಹರಿಯುತ್ತದೆ. ದೋಣಿ ಅಲೆಯ ಹಿಂಬದಿಗೆ ಬಿದ್ದು ಹಗ್ಗ ಸಡಿಲವಾದಾಗ ಒಂದು ಮೊಳ, ಇನ್ನೊಂದು ಮೊಳ. ಅಲೆ ಬಂದಾಗ ಹಿಡಿದು ನಿಲ್ಲಬೇಕು. ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಅಂಗೈ ಚರ್ಮ ಎರಡು ಕಡೆ ಕಿತ್ತುಹೋಯಿತು. ಬೆನ್ನು ಒಂದು ವಾರ ನೆಟ್ಟಗಾಗಲಿಲ್ಲ. ಮಲ್ಪೆಯಲ್ಲಿ ಬಲೆ ಎಳೆಯುವಾಗ ಇಪ್ಪತ್ತು ಜನ ಯಾಕೆ ಸಾಲು ನಿಲ್ಲುತ್ತಾರೆ ಎಂದು ಅವತ್ತು ಗೊತ್ತಾಯಿತು.

ಬರ್ಮುಡಾದ ಸೇಂಟ್ ಜಾರ್ಜ್ ಬಂದರಿಗೆ ಬರುವವರು ದೂರದಿಂದಲೇ ಬರ್ಮುಡಾ ರೇಡಿಯೊಗೆ ಕರೆದು ಹೇಳಬೇಕು. ನನ್ನ ಕೈ ರೇಡಿಯೊ ಅಷ್ಟು ದೂರ ಮುಟ್ಟಲಿಲ್ಲ. ಹತ್ತಿರ ಹೋದ ಮೇಲೆ ಸಿಕ್ಕರು. ತಡವಾದದ್ದಕ್ಕೆ ಕಾರಣ ಹೇಳಿದೆ, ಒಳಗೆ ಬಾ ಎಂದರು.

ಯಾರಿಗೆ ಇದು ಬೇಕು? ಕೊಲ್ಲಿಯೊಳಗೆ ಶನಿವಾರ ಭಾನುವಾರ ಓಡಾಡುವವರಿಗೆ ಬೇಡ, ದುಡ್ಡು ದಂಡ. ನಾಲ್ಕು ಜನ ಗಟ್ಟಿಗರು ಇರುವ ದೊಡ್ಡ ದೋಣಿಗೂ ಕೈಯಲ್ಲಿ ನಡೆಸುವ ದಾರಿ ಇದೆ. ಒಬ್ಬನೇ ದಡ ಬಿಟ್ಟು ಹೋಗುವವರು ಬೇರೇನಾದರೂ ಬಿಡಲಿ, ಇದನ್ನು ಬಿಡಬಾರದು. ಅಲೆಗೆ ಐದಕ್ಕೆ ಐದು. ಇಳಿಸಲು ಐದಕ್ಕೆ ಐದು. ಎತ್ತಲು ಎರಡು. ಸಿಡಿಲಿನ ಲೆಕ್ಕ ಇದರಲ್ಲಿ ಸೇರುವುದಿಲ್ಲ. ಅದಕ್ಕೆ ಬೇರೆ ತಯಾರಿ ಬೇಕು, ಮತ್ತು ಆ ವೈರ್ ಕಳಚಬೇಕು.

ಮಾಲೆ ಈಗ ಗ್ಯಾರೇಜಿನಲ್ಲಿ ನೇತಾಡುತ್ತಿದೆ, ಸಿಹಿನೀರಿನಲ್ಲಿ ತೊಳೆದು. ಎಣಿಸಿದೆ. 14 ಕೋನುಗಳ ಅಂಚು ಎಳೆ ಎಳೆಯಾಗಿದೆ. ಹತ್ತೊಂಬತ್ತು ಗಂಟೆಗೆ ಇಷ್ಟಾದರೆ ಮೂರು ದಿನಕ್ಕೆ ಏನು ಉಳಿಯುತ್ತಿತ್ತೋ. ಅಮ್ಮ ಹಾಕಿದ ಗಂಟು ಒಂದೂ ಬಿಚ್ಚಿಲ್ಲ. ಹಾಯಿಗೆ ಹಾಕುವ ದಪ್ಪ ಡೇಕ್ರಾನ್ ಬಟ್ಟೆ ತಂದಿಟ್ಟಿದ್ದೇನೆ. ಹದಿನಾರು ನಂಬರಿನ ಸೂಜಿ ಅದಕ್ಕೆ ಸಾಲುವುದಿಲ್ಲ, ಎರಡು ಮುರಿದವು. ಹದಿನೆಂಟರದ್ದು ತರಿಸಿಕೊಳ್ಳಿ.